ಷರಾ: ಈಡು ಇದೆ

ಚುನಾವಣೆ ಬಂತೆಂದರೆ ಆನಂದಪುರದ ಠಾಣೆಗೆ
ಕೋವಿಗಳು ಬರುತ್ತವೆ: ಹೆಗಲ ಮೇಲೆ, ಬೈಕಿನ ಹಿಂದೆ,
ಗೋಣಿ ಹೊದ್ದುಕೊಂಡು, ಕಾಯಿಲೆಯವರ ಹಾಗೆ.
ಒಂದೊಂದಕ್ಕೂ ಚೀಟಿ ಕಟ್ಟಿ ನಂಬರು ಬರೆಯುವುದು
ನನ್ನ ಕೆಲಸ. ನಾನು ಸಿಂದಗಿ ಕಡೆಯವನು, ಬಯಲಿನವನು.
ಈ ಕಾಡಿನ ಮಾತು ಕಿವಿಗೆ ಬಿದ್ದು
ಮೂರೇ ತಿಂಗಳಾಗಿತ್ತು.

ನಲವತ್ತೊಂದನೆಯದು ಕೆರಿಯಪ್ಪನದು.
ಕೇಪಿನ ಕೋವಿ, ಒಂಟಿ ನಳಿಗೆ,
ಸೀಳು ಬಿಟ್ಟ ಹಿಡಿಗೆ ತಾಮ್ರದ ತಂತಿ.
ಮೇಜಿನ ಮೇಲೆ ಮಲಗಿಸಿ, ಮೂತಿ ಗೋಡೆಗೆ ತಿರುಗಿಸಿ
ಮೆಲ್ಲಗೆ ಹೇಳಿದ: ‘ಈಡು ಐತೆ ಮಾರಾಯ್ರೆ, ಬರ್ಕಳಿ.’

ಈಡು?
ನನಗೆ ಗೊತ್ತಿದ್ದ ಈಡುಗಳೆಲ್ಲ ಬಂದು ನಿಂತವು.
ಸಾಹುಕಾರನ ಕಪಾಟಿನಲ್ಲಿದ್ದ ಅವ್ವನ ಬೋರಮಾಳ, ಅದು ಈಡು.
ಈಡುಜೋಡು ನೋಡಿಯೇ ಕೊಟ್ಟೆವು ತಂಗಿಯನ್ನು.
ಹನುಮಪ್ಪನ ಗುಡಿ ಮುಂದೆ ಒಡೆದ ಈಡುಗಾಯಿ,
ಚೂರಿಗೆ ಮುಗಿಬಿದ್ದು ತರಚಿದ ಮೊಣಕಾಲು.
ಈಡೇರಿದ ಹರಕೆ.
ಪೇಪರಿನಲ್ಲಿ, ಟೀಕೆಗೀಡಾದ ಯಾವನೋ ತಹಶೀಲ್ದಾರ.
ಒಂದೂ ಆ ನಳಿಗೆಯೊಳಗೆ ಹಿಡಿಸುವಂಥದ್ದಲ್ಲ.

‘ಈಡು ಅಂದ್ರೇನ್ರೀ ಯಜಮಾನ್ರ?’

ಬಾಯಲ್ಲಿ ಹೇಳಲಿಲ್ಲ ಅವನು.
ಎಡಗೈ ಮುಷ್ಟಿಯನ್ನು ನಳಿಗೆ ಮಾಡಿಕೊಂಡ.
ಬಲ ಅಂಗೈ ಬಟ್ಟಲಿನಿಂದ ಇಲ್ಲದ ಮದ್ದು ಸುರಿದ,
ಕೋಳಿಗೆ ಎರಡು ಬೆರಳು, ಹಂದಿಗೆ ಮೂರು.
ಇಲ್ಲದ ಕತ್ತ ತುರುಕಿ ಇಲ್ಲದ ಗಜದಿಂದ ಜಡಿದ.
ಇಲ್ಲದ ಚರೆ. ಮತ್ತೆ ಕತ್ತ. ಮತ್ತೆ ಗಜ.
ಜಡಿದರೆ ಗಜ ಪುಟಿದು ಮೇಲೆ ಹಾರಬೇಕಂತೆ,
ಆಗ ಕೂತಿತು ಎಂದು ಲೆಕ್ಕ.
‘ಇಷ್ಟು ಇಟ್ರೆ ಈಡು.
ಇಡೋದಕ್ಕೇ ಈಡು ಅನ್ನೋದು.’

ಪಿಯುಸಿಯ ವ್ಯಾಕರಣ ಆಗ ನೆನಪಾಯಿತು:
ಕೆಡು ಎಳೆದರೆ ಕೇಡು, ಬಿಡು ಎಳೆದರೆ ಬೀಡು,
ಪಡು ಎಳೆದರೆ ಪಾಡು. ಎರಡು ಮಾರ್ಕಿನ ಪ್ರಶ್ನೆ.
ಇಡುವುದು ಕೈಯ ಕೆಲಸ; ಎಳೆದರೆ ಕೈ ಹಿಂದೆ ಸರಿದು
ಇಟ್ಟದ್ದಷ್ಟೇ ಉಳಿಯುತ್ತದೆ.
ಹ್ರಸ್ವಕ್ಕೂ ದೀರ್ಘಕ್ಕೂ ಅಂತರ ಒಂದು ಮಾತ್ರೆ,
ಮರಸು ಕೂತವನು ಉಸಿರು ಹಿಡಿಯುವಷ್ಟು.

‘ಹಂಗಾದ್ರ ಹೊರಗ ತಗೀರಿ.’
‘ಇಟ್ಟಿದ್ದು ತೆಗ್ಯಾಕೆ ಬರಲ್ಲ. ಹೊಡೀಬೇಕು.’
‘ಹೊಡೀರಿ ಮತ್ತ.’
ಕೆರಿಯಪ್ಪ ಗೋಡೆ ನೋಡಿದ.
‘ಇಟ್ಟೋನು ನಾನಲ್ಲ. ತಮ್ಮ, ಹೊಳಿಯಪ್ಪ.
ಹೋದ ದೀಪಾವಳಿ ಹಿಂದಿನ ರಾತ್ರಿ
ಗದ್ದೆಗೆ ಹಂದಿ ಬರ್ತಾವೆ ಅಂತ ಇಟ್ಟ.
ಹಂದಿ ಬರ್ಲಿಲ್ಲ. ಬೆಳಗಿನ ಜಾವ ಎದೆನೋವು ಬಂತು.’

ಸಾಹೇಬರು ಒಳಗಿಂದಲೇ ಕೂಗಿದರು:
ಈಡಿದ್ದ ಕೋವಿ ಸ್ಟೋರಿಗೆ ಹಾಕುವಂತಿಲ್ಲ,
ಹಿತ್ತಲಿಗೆ ಒಯ್ಯಿರಿ.

ಹಿತ್ತಲಲ್ಲಿ ಜಂಬಿಟ್ಟಿಗೆ ಕಡಿದು ಬಿಟ್ಟ ಹೊಂಡ.
ಕೆರಿಯಪ್ಪ ಕೇಪು ಏರಿಸಿಕೊಟ್ಟ, ಕುದುರೆ ಎಳೆದುಕೊಟ್ಟ,
ಹಿಡಿಯನ್ನು ನನ್ನ ಭುಜದ ಸಂದಿಗೆ ತಾನೇ ಒತ್ತಿ
ಹಿಂದೆ ಸರಿದ. ಕಿವಿ ಮುಚ್ಚಿಕೊಳ್ಳಲಿಲ್ಲ.
ಕಾಣದ ಮನುಷ್ಯ ಇಟ್ಟದ್ದನ್ನು
ನಾನು ಹೊಡೆದೆ.

ಹಲಸಿನ ಮರ ಬಿಟ್ಟು ಎದ್ದವು ಗಿಳಿಗಳು.
ಬಿಳಿ ಹೊಗೆ, ಕೆಟ್ಟ ಮೊಟ್ಟೆಯ ವಾಸನೆ;
ಭುಜ ಮೂರು ದಿನ ನೋಯಿತು.
ಹೊಂಡದ ಅಂಚಿನಲ್ಲಿ ಕತ್ತ ಹೊಗೆಯಾಡುತ್ತಿತ್ತು,
ನಡುವೆ ಮಡಚಿ ಮಡಚಿ ತುರುಕಿದ ಕ್ಯಾಲೆಂಡರಿನ ಚೂರು,
ಅರ್ಧ ಸುಟ್ಟ ಏಳು, ಹದಿನೇಳೋ ಇಪ್ಪತ್ತೇಳೋ,
ಅದರ ಪಕ್ಕ ಪೆನ್ಸಿಲಿನಲ್ಲಿ ‘ಹಾಲು ಎರಡು’.
ಕೆರಿಯಪ್ಪ ಬಗ್ಗಿ ಹೆಬ್ಬೆರಳಲ್ಲಿ ಕಿಡಿ ಹೊಸಕಿ
ಜೇಬಿನಲ್ಲಿ ಇಟ್ಟುಕೊಂಡ.

ಒಳಗೆ ಬಂದು ರಿಜಿಸ್ಟರು ತೆರೆದೆ.
ಷರಾ ಕಾಲಮಿನಲ್ಲಿ ಆಗಲೇ ಬರೆದಿದ್ದೆ: ‘ಇಡು ಇದೆ’.
ಕೆರಿಯಪ್ಪ ಪುಟವನ್ನು ತನ್ನ ಕಡೆ ತಿರುಗಿಸಿ ಬೆರಳಿಟ್ಟ.
‘ದೀರ್ಘ ಬಿಟ್ಟೀರಿ.’
ಇ ಹೊಡೆದುಹಾಕಿ ಈ ಬರೆದೆ.
ಆಮೇಲೆ ‘ಇದೆ’ ಹೊಡೆದು ‘ಇಲ್ಲ’ ಬರೆದೆ.
ಅವನು ಸಹಿ ಹಾಕಿದ, ನಿಧಾನಕ್ಕೆ, ಒತ್ತಕ್ಷರವನ್ನು ಒತ್ತಿ ಒತ್ತಿ.
ಬಾಗಿಲಲ್ಲಿ ನಲವತ್ತೆರಡನೆಯದು, ಗೋಣಿ ಬಿಚ್ಚುತ್ತಿತ್ತು.